ಯಾವ ಕೈ ಎಂದು ಕೇಳಿದಾಗ

ಭಾನುವಾರ, ಮಾರ್ಚ್ 9

ಪ್ರೀತಿಯ ಅಕ್ಕ,

ನೀನು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ನಾನು ಒಂದು ಸಾಲೂ ಬರೆಯಲಿಲ್ಲ. ನೀನು ಬೈದುಕೊಂಡಿದ್ದರೆ ಅದು ನ್ಯಾಯವೇ. ಫೋನ್ ಮಾಡುತ್ತಿದ್ದೆನಲ್ಲ ಎಂದು ನೆಪ ಹೇಳಬಹುದು. ಆದರೆ ಫೋನಿನಲ್ಲಿ ನೀನು ಒಂದು ಮಾತು ಹೊರಡಿಸುವಷ್ಟರಲ್ಲಿ ನಾನೇ ಅದನ್ನು ಮುಗಿಸಿಬಿಡುತ್ತೇನೆ. ಮೊನ್ನೆ ಭಾವ ಫೋನ್ ಕಸಿದುಕೊಂಡು, "ನಿಮ್ಮಕ್ಕನಿಗೆ ನಾಲಿಗೆ ತೊದಲತ್ತೆ ಕಣಮ್ಮ, ಯೋಚನೆ ತೊದಲಲ್ಲ. ಅವಳ ಮಾತಿಗೆ ಅಡ್ಡ ಬರೋ ಧೈರ್ಯ ಇಷ್ಟು ವರ್ಷದಲ್ಲಿ ನನಗೇ ಬಂದಿಲ್ಲ, ನಿನಗೆಲ್ಲಿಂದ ಬಂತು?" ಎಂದರು. ನಕ್ಕೆ. ಕಾಗದದ ಮೇಲಾದರೆ ನಿನ್ನ ಮಾತಿಗೆ ನಾನು ಅಡ್ಡ ಬರಲಾರೆ ಎಂದು ಬರೆಯುತ್ತಿದ್ದೇನೆ.

"ಡಾಕ್ಟರ್ ಬರೆದಿದ್ದನ್ನ ನಂಬರ್ ಮಾಡೋಕೂ ಸಂಬಳ ಕೊಡ್ತಾರೇನೇ?" ಎಂದು ನೀನು ನನ್ನ ಕೆಲಸವನ್ನು ಆಡಿಕೊಳ್ಳುತ್ತಿದ್ದೆ. ಕೊಡುತ್ತಾರೆ. ಪಾರ್ಶ್ವವಾಯು ಬಂದುಹೋದ ಮೇಲೆ ಮೈಯಲ್ಲಿ ಉಳಿದುಕೊಳ್ಳುವುದಕ್ಕೆಲ್ಲ ಬೇರೆ ಬೇರೆ ಕೋಡ್ ಇದೆ, ವಿಮೆಯವರು ನೋಡುವುದು ಆ ನಂಬರನ್ನೇ. ತೊದಲಿಗೆ, ನುಂಗಲಾಗದ್ದಕ್ಕೆ, ಸೋತ ಕೈಗೆ. ಆ ಕೈ ರೋಗಿ ಹೆಚ್ಚು ಬಳಸುವ ಕೈಯೋ ಅಲ್ಲವೋ ಎಂಬುದಕ್ಕೂ ಕೋಡ್ ಬದಲಾಗುತ್ತದೆ. ಫೈಲಿನಲ್ಲಿ ಇದ್ದದ್ದಕ್ಕೆ ಮಾತ್ರ ಕೋಡ್. ನಮಗೆ ಗೊತ್ತಿದ್ದದ್ದನ್ನು ಸೇರಿಸುವಂತಿಲ್ಲ. ನೆಂಟರ ಫೈಲನ್ನಂತೂ ಮುಟ್ಟಬಾರದು. ಹಾಗಾಗಿ ನಿನ್ನ ಫೈಲು ಪಕ್ಕದ ಸೀಟಿನ ಗೆಳತಿಗೆ ಹೋಯಿತು. ಅದರಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ನಿಯಮ ಪಾಲಿಸಿದೆ ಎಂದುಕೊಂಡು ನೆಮ್ಮದಿಯಾಗಿದ್ದೆ.

ನಿನ್ನ ಕೈಯ ವ್ಯಾಯಾಮ ನಿಲ್ಲಿಸಿದರೆಂದು ಭಾವ ಫೋನಿನಲ್ಲಿ ಹೇಳಿದರು. "ಎಡಗೈ ತಾನೇ, ದಿನನಿತ್ಯಕ್ಕೆ ಬಲಗೈ ಇದೆಯಲ್ಲ, ಇಷ್ಟು ಸಾಕು ಅಂತಾರೆ ವಿಮೆಯವರು. ಎಡಗೈಲಿ ಬಟ್ಟೆ ಕತ್ತರಿಸಿ ಇಡೀ ಬೀದಿಗೆ ಉಡಿಸಿದವಳು ಇವಳು! ಬಲಗೈಯವಳು ಅಂತ ಬರೆಸಿದ ಮುಠ್ಠಾಳ ಯಾರೋ, ಸಿಕ್ಕಿದ್ರೆ ನಾಲ್ಕು ಮಾತಾಡ್ತಿದ್ದೆ," ಎಂದು ಕೂಗಾಡಿದರು. ನಾನು "ಹೂಂ, ಹೂಂ" ಎನ್ನುತ್ತಿದ್ದೆ.

ಶುಕ್ರವಾರ ರಜೆ ಹಾಕಿ ನಿನ್ನ ಡಾಕ್ಟರನ್ನು ಕಂಡೆ. "ತಪ್ಪಾಗಿದ್ರೆ ತಿದ್ದೋಣ, ಆದ್ರೆ ಅವರನ್ನೇ ಕೇಳಿ ಬರೀತೀನಿ. ಈ ಸಲ ಮನೆಯವರ ಮಾತು ಬೇಡ," ಎಂದರು. ಗುರುವಾರ ಹೋಗು. ಅವರು ಕೇಳಿದಾಗ ನೀನೇ ಹೇಳು, ಎಷ್ಟು ಹೊತ್ತಾದರೂ ಆಗಲಿ. ನಿನ್ನ ಎಡಗೈ ಕತ್ತರಿಯನ್ನೂ ತೆಗೆದುಕೊಂಡು ಹೋಗು. ಅವರು ಬರೆದರೆ ವ್ಯಾಯಾಮ ಮತ್ತೆ ಶುರುವಾಗಬಹುದು. ಸುಮ್ಮನೆ ಕಳೆದುಹೋದ ವಾರಗಳಿಂದ ಬೆರಳುಗಳಿಗೆ ಎಷ್ಟು ನಷ್ಟವಾಗಿದೆಯೋ, ಅದನ್ನು ಅವರೂ ಹೇಳಲಿಲ್ಲ, ನನಗೂ ಕೇಳುವ ಧೈರ್ಯ ಬರಲಿಲ್ಲ.

ನಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನೀನು ಅರ್ಧಕ್ಕೆ ಬಿಟ್ಟ ನನ್ನ ನೀಲಿ ರವಿಕೆಯನ್ನು ಬೇರೆಯವರಿಗೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಭಾವನಿಗೆ ನಮಸ್ಕಾರ, ನಿನ್ನ ಮಗಳಿಗೆ ನನ್ನ ಆಶೀರ್ವಾದ. ನಿನ್ನ ಕೈಗೆ ಬೇಗ ಬಲ ಬರಲಿ.

ನಿನ್ನ ಬಾಲಂಗೋಚಿ

ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ: ನಿನ್ನನ್ನು ಆಸ್ಪತ್ರೆಗೆ ಸೇರಿಸಿದ ಆ ಮೊದಲ ದಿನ ಭಾವ ಕೌಂಟರಿನ ಬಳಿ ಇದ್ದಾಗ, ನೀನು ಹೆಚ್ಚು ಬಳಸುವುದು ಯಾವ ಕೈ ಎಂದು ಡಾಕ್ಟರ್ ಕೇಳಿದ್ದು ನನ್ನನ್ನು. "ಬಲಗೈ" ಎಂದೆ. ನಿನ್ನನ್ನು ಎಡಚಿ ಎಂದು ಆಡಿಕೊಳ್ಳದಿರಲೆಂದು, ಹೊರಗಿನವರು ಕೇಳಿದರೆ ಹಾಗೇ ಹೇಳಲು ಅಮ್ಮ ಕಲಿಸಿದ್ದು ಬಾಯಿಗೆ ತಾನಾಗಿ ಬಂತು. ನೀನು ತಲೆ ಅಲ್ಲಾಡಿಸಿದೆ, ಏನೋ ಹೇಳಲು ಹೆಣಗಿದೆ. ನಾನು ಡಾಕ್ಟರಿಗೆ, "ಅವಳಿಗೆ ಏನೂ ತಿಳೀತಿಲ್ಲ, ನಾನು ಹೇಳಿದ್ದೇ ಬರ್ಕೊಳ್ಳಿ," ಎಂದೆ. ನೀನು ಕಣ್ಣು ಮುಚ್ಚಿಕೊಂಡೆ. ಇಷ್ಟು ದಿನವಾದರೂ ಭಾವನಿಗೆ ನೀನು ಇದನ್ನು ಹೇಳಿಲ್ಲ. ಯಾಕೆ ಹೇಳಲಿಲ್ಲ, ಅಕ್ಕ?