ಮೂಲವ್ಯಾಧಿ ಅಂತ ಹೇಳಾಕಾಗ್ಲಿಲ್ಲ

ನವೆಂಬರ್ ೧೮, ಮಂಗಳವಾರ

ಇವತ್ತೂ ರಕ್ತ ಹೋತು. ಸಂಡೂರಿಂದ ಅದಿರಿನ ಲಾರಿ ಒಂದೇ ಕುಂಡಿ ಮ್ಯಾಲೆ ಕುಂತು ಓಡಿಸ್ಕೊಂಡು ಬಂದೆ. ದಾರ್ಯಾಗ ಸಂಡಾಸಿಗೆ ಹೋಗೋದು ಬ್ಯಾಡ ಅಂತ ದಿನಾ ಹಗಲೆಲ್ಲ ಊಟ, ನೀರು ಬಿಡ್ತಿದ್ದೆ. ಹೊಸಪೇಟಿ ಡಾಕ್ಟರು ಬೈದ್ರು.

"ಅದಕ್ಕ ಮಲ ಗಟ್ಟಿಯಾಗಿ ಮೂಲವ್ಯಾಧಿ ಹೆಚ್ಚಾಗೈತಿ. ನೀರು ಕುಡಿಯಪ್ಪಾ, ಸೊಪ್ಪು ತಿನ್ನು. ಮೈಯಾಗ ರಕ್ತ ಭಾಳ ಕಮ್ಮಿ ಆಗೈತಿ. ಜಲ್ದಿ ಆಪರೇಷನ್ ಮಾಡ್ಸು."

ರಜಾ ಕೇಳಾಕ ಮಾಲಕರ ಹಂತ್ಯಾಕ ಹೋದೆ. "ಏನಾಗೈತಲೇ?" ಅಂದ್ರು. ಸುತ್ತ ಡ್ರೈವರ್ಗಳು ನಿಂತಿದ್ರು. ಸೊಂಟ ನೋವು ಅಂದುಬಿಟ್ಟೆ.

"ಬೆಲ್ಟ್ ಕಟ್ಕೊಂಡು ಓಡ್ಸಲೇ, ಮದಿವಿ ಆದಮ್ಯಾಲೆ ಏನ್ ಮಾಡ್ತಿ?"

ಎಲ್ರೂ ನಕ್ರು. ನಾನೂ ನಕ್ಕೆ.

ಅವ್ವ ಪಲ್ಯ, ರೊಟ್ಟಿ, ಚೆಂಬು ನೀರು ಇಟ್ಟು, "ಊಟ ಬಿಡಾಕ ಯಾರ ಮ್ಯಾಲೆ ಸಿಟ್ಟಪ್ಪಾ?" ಅಂತ ಕೇಳಿ ಮಲಗಿದ್ಲು. ಮುಂಜಾನಿ ಮತ್ತ ಲೋಡ್ ಐತಿ. ಬಾಯಿ ಒಣಗೈತಿ. ಡಾಕ್ಟರು ಅಷ್ಟು ಹೇಳಿದ್ರೂ ಕೈ ಚೆಂಬಿನ ಕಡಿ ಹೋಗವಲ್ದು.