ಸೂಟ್‌ಕೇಸು ಖಾಲಿ ಇಲ್ಲ

ಅಕ್ಕಾ,

ಬಟ್ಟೆಯನ್ನೆಲ್ಲ ದಿಂಬಿನ ಚೀಲಕ್ಕೆ ತುರುಕುತ್ತಲೇ ಇದನ್ನು ಬರೆಯುತ್ತಿದ್ದೇನೆ. ನೀನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ನಾನು ರೈಲಿನಲ್ಲಿರುತ್ತೇನೆ. "ಇಂಟರ್‌ವ್ಯೂಗೆ ದಿಂಬಿನ ಚೀಲ ಹಿಡ್ಕೊಂಡು ಹೋದ್ರೆ ಮಲಗೋಕೆ ಬಂದ್ಯಾ ಅಂತಾರೆ" ಎಂದು ನಕ್ಕೆಯಲ್ಲ, ನಗು. ಬಾಲ್ಕನಿಯ ಬಿಸಿಲಿಗೆ ತೆರೆದಿಟ್ಟ ನನ್ನ ಸೂಟ್‌ಕೇಸಿನಲ್ಲಿ ಬೆಳವದ ಹಕ್ಕಿ ಎರಡು ಮೊಟ್ಟೆ ಇಟ್ಟಿದೆ. ಮರಿಗಳು ಹಾರಿಹೋಗುವವರೆಗೆ ಅದು ನನ್ನದಲ್ಲ, ನಿಮ್ಮದಂತೂ ಅಲ್ಲವೇ ಅಲ್ಲ.

ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬೇಡ, ಒಳಗಿನ ಹಗ್ಗ ಸಾಕು. ಮಳೆ ಬಂದರೆ ಮುಚ್ಚಳ ಹಾಕಬೇಡ, ಮೆಲ್ಲಗೆ ಕೊಡೆ ಬಿಚ್ಚಿಡು. ಬೆಳಿಗ್ಗೆ ಒಂಬತ್ತಕ್ಕೆ ಗಂಡು ಬಂದು ಕಾವಿಗೆ ಕೂತರೆ ಸಂಜೆಯವರೆಗೆ ಏಳುವುದಿಲ್ಲ. ಈ ಒಂದು ಸಾಲನ್ನು ಭಾವನಿಗೆ ಎರಡು ಸಲ ಓದಿ ಹೇಳು.

ಹೋದ ತಿಂಗಳು ಜಂಕ್ಷನ್ನಿನಲ್ಲಿ ಗಡಿಯಾರದ ಹಿಂದೆ ಪಾರಿವಾಳದ ಗೂಡು ನೋಡಿದೆ. ನಾಲ್ಕು ಕಡ್ಡಿ, ಒಂದು ತಂತಿ, ಅಷ್ಟೇ ಸಂಸಾರ. ಕಸ ಗುಡಿಸುವಾಕೆ ಆ ಮೂಲೆಗೆ ಮಾತ್ರ ಪೊರಕೆ ತಾಗಿಸಿರಲಿಲ್ಲ. "ಇರ್ಲಿ ಬಿಡಮ್ಮ, ರೈಲಿಗಿಂತ ಇವೇ ಟೈಮಿಗೆ ಸರಿಯಾಗಿ ಹೊರಡ್ತವೆ" ಎಂದಳು. ಅವಳಿಗಿರುವಷ್ಟು ತಾಳ್ಮೆ ನರ್ಸಾದ ನಿನಗಿಲ್ಲವೇ?

ನಾನು ವಾಪಸ್ಸು ಬಂದಾಗ ಆ ಗೂಡು ಇರದಿದ್ದರೆ ನಾನೂ ಈ ಮನೆಯಲ್ಲಿ ಇರುವುದಿಲ್ಲ. ಹೆದರಿಸುತ್ತಿಲ್ಲ, ಹೇಳುತ್ತಿದ್ದೇನೆ.

ಇಗೋ, ಭಾವ ತಮ್ಮ ಚಕ್ರದ ಹೊಸ ಸೂಟ್‌ಕೇಸನ್ನು ಬಾಗಿಲಿಗೆ ತಂದು ನಿಲ್ಲಿಸಿದ್ದಾರೆ. "ಇದನ್ನೇ ಇಟ್ಕೊಂಡ್ಬಿಡು ತಾಯೀ, ವಾಪಸ್ ಕೂಡ ಕೊಡ್ಬೇಡ. ಆ ಹಳೇದನ್ನ ಇವತ್ತೇ ಖಾಲಿ ಮಾಡಿ ಎಸೀತೀನಿ, ಆಯ್ತಾ?"

"ಬೇಡ" ಎಂದೆ.