ಅಮ್ಮ ಸತ್ತ ಮನೆಯ ಅಡ್ವಾನ್ಸ್

೪ ಜೂನ್ ೨೦೦೬, ಭಾನುವಾರ. ಶಿಡ್ಲಘಟ್ಟ

ನಲ್ಲಿ ಬಂತು. ಎರಡು ಡ್ರಮ್ ತುಂಬಿಸಿದೆ. ಅಭ್ಯಾಸ. ಈಗ ಒಬ್ಬಳಿಗೆ ಎರಡು ಡ್ರಮ್ ಯಾಕೆ?

ಅಮ್ಮನ ಸೀರೆಗಳನ್ನು ಗಂಟು ಕಟ್ಟಿದೆ. ರೇಷ್ಮೆ ನೂಲು ತೆಗೆಯುವ ಫಿಲೇಚರಿನ ಹುಳದ ವಾಸನೆ ಇನ್ನೂ ಹೋಗಿಲ್ಲ. ಆ ಕೆಲಸ ಬಿಡಿಸಿಯೇ ವರ್ಷಗಳಾದವು.

ಚಿಂತಾಮಣಿಗೆ ಟ್ರಾನ್ಸ್‌ಫರ್ ಆರ್ಡರ್ ಬಂದಿದೆ. ಹೊಸ ಸ್ಕೂಲು, ಹೊಸ ಮನೆ. ಓನರ್ ಸತ್ಯಮೂರ್ತಿಯವರಿಗೆ ಹೇಳಬೇಕು. ಅಡ್ವಾನ್ಸ್ ಇಪ್ಪತ್ತು ಸಾವಿರ ವಾಪಸ್ ತಗೊಳ್ಳಬೇಕು. ಅಮ್ಮನ ಚೀಟಿ ದುಡ್ಡು ಅದು. ಕುದಿನೀರಿಗೆ ಕೈ ಅದ್ದಿ, ಗೂಡಿನ ಎಳೆ ಹುಡುಕಿ, ಬೆರಳು ಬೇಯಿಸಿಕೊಂಡು ಕೂಡಿಟ್ಟದ್ದು.

೬ ಜೂನ್

ಚಿಂತಾಮಣಿಯಲ್ಲಿ ಮನೆ ಹುಡುಕಿದೆ. ಎಲ್ಲ ಕಡೆ ಒಂದೇ ಪ್ರಶ್ನೆ — ‘ನೀವು ಯಾವ ಜನ?’ ಈ ಸಲ ಬಾಗಿಲಲ್ಲೇ ಹೇಳಿದೆ. ಒಬ್ಬರ ಮನೆಗೆ ತಕ್ಷಣ ಮೈಸೂರಿನಿಂದ ತಮ್ಮ ಬರುವವನಿದ್ದ. ಇನ್ನೊಬ್ಬರು ಪೇಂಟ್ ಹೊಡೆಸುವವರಿದ್ದರು.

ಕೊನೆಗೆ ಪೆದ್ದಮ್ಮ ಅಂತ ಒಬ್ಬ ಮುದುಕಿ. ‘ಯಾರಾದ್ರೇನಮ್ಮಾ, ಗೇಟು ಸರಿಯಾಗಿ ಹಾಕ್ಕೊಂಡ್ರೆ ಸಾಕು. ಅಡ್ವಾನ್ಸ್ ಮಾತ್ರ ಭಾನುವಾರದೊಳಗೆ ತಂದ್ಬಿಡು. ಮೊಮ್ಮಗಳ ಫೀಸ್ ಕಟ್ಟಬೇಕು. ತಡ ಆದ್ರೆ ಬೇರೇರಿಗೆ ಕೊಟ್ಬಿಡ್ತೀನಿ, ಬೇಜಾರ್ ಮಾಡ್ಕೋಬೇಡ.’

ಭಾನುವಾರ. ಸೋಮವಾರ ಡ್ಯೂಟಿಗೆ ಸೇರಬೇಕು. ಸಿಕ್ಕಿದ್ದು ಇದೊಂದೇ ಬಾಗಿಲು.

೭ ಜೂನ್, ಸಂಜೆ

ಸತ್ಯಮೂರ್ತಿ ಪಂಚಾಂಗ ಹಿಡಿದು ಕೂತಿದ್ದರು.

‘ನೋಡಮ್ಮ, ನಿಮ್ಮ ತಾಯಿ ಹೋಗಿದ್ದು ಪಂಚಕದಲ್ಲಿ. ಆ ಐದು ನಕ್ಷತ್ರದಲ್ಲಿ ಮನೆಯೊಳಗೆ ಪ್ರಾಣ ಹೋದ್ರೆ ಆರು ತಿಂಗಳು ಮನೆಗೆ ಬೀಗ ಹಾಕ್ಬೇಕು. ಶಾಂತಿ ಮಾಡಿಸ್ಬೇಕು. ಆ ಬಾಡಿಗೆ, ಆ ಖರ್ಚು ಯಾರು ಕೊಡ್ತಾರೆ? ಅಡ್ವಾನ್ಸಲ್ಲಿ ಏನೂ ಮಿಗಲ್ಲ.’

‘ನಾವು ನಕ್ಷತ್ರ ನಂಬಲ್ಲ ಸಾರ್.’

‘ನೀವು ನಂಬಬೇಡಿ. ಮನೆ ನಂದಲ್ವಾ?’

ಮೂರು ವರ್ಷ ನಾನು ‘ಮೇಡಂ’. ಬಾಡಿಗೆಗೆ ಬರುವಾಗ ಅವರು ಜಾತಿ ಕೇಳಲಿಲ್ಲ, ನಾನು ಹೇಳಲಿಲ್ಲ. ಅಮ್ಮ ಸತ್ತ ದಿನ ಮಂಚೇನಹಳ್ಳಿಯ ನೆಂಟರು ತಮಟೆ ತಂದರು. ಬೀದಿಗೆಲ್ಲ ಗೊತ್ತಾಯಿತು. ಅವತ್ತಿನಿಂದ ‘ನೋಡಮ್ಮ’. ತಮಟೆಯ ಬೆನ್ನಿಗೇ ಪಂಚಾಂಗ ಬಂತು!

೮ ಜೂನ್

ರಸೀದಿ ಇಲ್ಲ. ಅಗ್ರಿಮೆಂಟ್ ಇಲ್ಲ. ಊರಿಗೆಲ್ಲ ಹಕ್ಕಿನ ಪಾಠ ಹೇಳುವವಳು, ‘ಮೇಡಂ’ ಅಂದದ್ದಕ್ಕೇ ಮರುಳಾಗಿ ದುಡ್ಡು ಕೈಗೆ ಕೊಟ್ಟು ಬಂದಿದ್ದೆ.

ನಮ್ಮ ದಲಿತ ಸಂಘಟನೆಯವರಿಗೆ ಫೋನ್ ಮಾಡಿದೆ. ಧರಣಿ ಕೂರೋಣ ಅಂದರು. ಕೂರಬಹುದು. ಭಾನುವಾರಕ್ಕೆ ಧರಣಿ ದುಡ್ಡು ಕೊಡುವುದಿಲ್ಲ.

೯ ಜೂನ್

ಸತ್ಯಮೂರ್ತಿಯೇ ಕರೆದರು. ಹೊಸ ಬಾಡಿಗೆಯವರು ಸಿಕ್ಕಿದ್ದಾರೆ. ಬ್ಯಾಂಕಿನವನು, ಹೆಂಡತಿ. ಸಾವಿನ ಸುದ್ದಿ ಆಕೆಯ ಕಿವಿಗೆ ಬಿದ್ದು ಅನುಮಾನ.

‘ಒಂದು ದಾರಿ ಇದೆ. ಕೊನೇ ಗಳಿಗೇಲಿ ಹೊರಗೆ ತಂದು ಮಲಗಿಸಿದ್ವಿ, ಅಂಗಳದಲ್ಲೇ ಹೋದ್ರು ಅಂತ ಅವರ ಮುಂದೆ ಒಂದು ಮಾತು ಹೇಳ್ಬಿಡಿ. ಹೊರಗೆ ಹೋದ್ರೆ ಮನೆಗೆ ತಟ್ಟಲ್ಲ. ಪೂರ್ತಿ ಅಡ್ವಾನ್ಸ್ ಕೊಟ್ಬಿಡ್ತೀನಿ.’

ಬಾಡಿಗೆ ಬರುವುದಾದರೆ ಇವರ ನಕ್ಷತ್ರವೂ ಅಂಗಳಕ್ಕಿಳಿಯುತ್ತದೆ. ಥೂ.

ನಮ್ಮೂರು ಮೇಲೂರಿನಲ್ಲಿ ಅಮ್ಮ ಒಬ್ಬರ ಹೊಸಿಲೂ ದಾಟಿದವಳಲ್ಲ. ಕೂಲಿ ಅಂಗಳದಲ್ಲಿ. ಅನ್ನ ಅಂಗಳದಲ್ಲಿ. ಬೈಗುಳವೂ ಅಂಗಳದಲ್ಲಿ. ಈ ಮನೆಗೆ ಬಂದ ದಿನ ನಡುಮನೆಯಲ್ಲಿ ಅಂಗಾತ ಮಲಗಿ, ತಿರುಗುವ ಫ್ಯಾನ್ ನೋಡುತ್ತ ನಕ್ಕಿದ್ದಳು. ಸತ್ತದ್ದೂ ಅಲ್ಲೇ. ಮಂಚದ ಮೇಲೆ, ನನ್ನ ತೊಡೆಯ ಮೇಲೆ ತಲೆಯಿಟ್ಟು. ನನ್ನಮ್ಮ ಗಂಗುಲಮ್ಮ ಬದುಕಿನಲ್ಲಿ ಗೆದ್ದದ್ದು ಅದೊಂದೇ — ಒಳಗೆ ಸತ್ತದ್ದು.

ಅದನ್ನೇ ಕೊಡು ಅನ್ನುತ್ತಿದ್ದಾನೆ.

೧೦ ಜೂನ್

ಗೌರಿಬಿದನೂರಿನಿಂದ ತಮ್ಮ ಮಧುಸೂದನ್ ಬಂದ. ಅವನ ಕೈಯೂ ಖಾಲಿ. ತಿಥಿಗೆ ಮಾಡಿದ ಸಾಲವೇ ತೀರಿಲ್ಲ.

‘ಕವಿತಕ್ಕ, ಹೋದೋರಿಗೆ ಒಳಗೇನು ಹೊರಗೇನು? ಅಮ್ಮನೇ ಇದ್ದಿದ್ರೆ, ಅನ್ನು ಕಣೇ, ದುಡ್ಡು ಈಸ್ಕೊಂಡು ಬಾ ಅಂತಿದ್ಲು.’

‘ನಾಚ್ಕೆ ಆಗಲ್ವೇನೋ ನಿಂಗೆ?’

‘ಆಯ್ತದೆ. ಏನ್ಮಾಡಣ? ಚಿಂತಾಮಣಿ ಬಸ್‌ಸ್ಟ್ಯಾಂಡಲ್ಲಿ ಮಲಗ್ತೀಯಾ, ಧಿಕ್ಕಾರ ಕೂಗ್ಕೊಂಡು?’

ಕೆಟ್ಟದಾಗಿ ಬೈದೆ. ಗೋಡೆ ಕಡೆ ತಿರುಗಿ ಕೂತ.

೧೧ ಜೂನ್, ಭಾನುವಾರ

ಬಂದರು. ಗಂಡ, ಹೆಂಡತಿ. ಸತ್ಯಮೂರ್ತಿ, ಅವರ ಹೆಂಡತಿ ಗೋದಮ್ಮ. ನಾವಿಬ್ಬರು. ಎಲ್ಲ ಅಂಗಳದಲ್ಲಿ ನಿಂತೆವು.

‘ಹೇಳಮ್ಮ’ ಅಂದರು ಸತ್ಯಮೂರ್ತಿ.

ವಿದುರಾಶ್ವತ್ಥದ ಸಭೆಯಲ್ಲಿ ಮೈಕ್ ಕೆಟ್ಟಾಗ ಬರಿಗಂಟಲಲ್ಲಿ ಕೂಗಿದ್ದವಳು ನಾನು. ಆ ಗಂಟಲಿನಿಂದ ಹೊರಟಿತು — ‘ಅಮ್ಮ ಹೊರಗೇ ಹೋದ್ರು.’

ಮುಗಿಯಿತು ಅಂದುಕೊಂಡೆ. ಬ್ಯಾಂಕಿನವನ ಹೆಂಡತಿ ಬಿಡಲಿಲ್ಲ. ‘ಹೊರಗೆ ಅಂದ್ರೆ ಎಲ್ಲಿ? ಜಾಗ ತೋರಿಸಿ.’

ಜಾಗ! ಅದನ್ನು ಯೋಚಿಸಿರಲಿಲ್ಲ. ಗೋದಮ್ಮನ ಕಡೆ ನೋಡಿದೆ. ಅವತ್ತು ಬೆಳಗ್ಗೆ ಓಡಿಬಂದು, ಮಡಿ ಗಿಡಿ ಮರೆತು, ಅಮ್ಮನ ಬಾಯಿಗೆ ಚಮಚದಲ್ಲಿ ನೀರು ಬಿಟ್ಟವರು ಅವರೇ. ನಡುಮನೆಯಲ್ಲಿ. ಈಗ ಗೋದಮ್ಮ ಸೆರಗಿನ ತುದಿ ಸುತ್ತುತ್ತ ನೆಲ ನೋಡಿದರು.

ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೈ ತೋರಿಸಿದೆ.

‘ಅಯ್ಯೋ, ಬಚ್ಚಲ ನೀರು ಹರಿಯೋ ಕಡೆನಾ? ವಯಸ್ಸಾದೋರನ್ನ ಅಲ್ಲಾ ಮಲಗ್ಸೋದು?’

‘ಹೂಂ. ಅಲ್ಲೇ.’

‘ಚಾಪೆನಾದ್ರೂ ಹಾಕಿದ್ರಾ?’

‘ಹಾಕಿದ್ವಮ್ಮ’ ಅಂದ ಮಧು. ‘ಹೊಸಾ ಚಾಪೆ.’

ಗೋದಮ್ಮ ತಮ್ಮ ಮನೆಯಿಂದ ಗಂಜಲ ತಂದು ಕಲ್ಲಿನ ಸುತ್ತ ಚಿಮುಕಿಸಿದರು. ತಲೆ ಎತ್ತದೆ ಚಿಮುಕಿಸಿದರು.

ಸತ್ಯಮೂರ್ತಿ ದುಡ್ಡು ಕೊಟ್ಟರು. ‘ಎಣಿಸ್ಕೊಳ್ಳಿ ಮೇಡಂ.’

ಎಣಿಸಲಿಲ್ಲ.

೨ ಜುಲೈ. ಚಿಂತಾಮಣಿ

ಇಷ್ಟು ದಿನ ಬರೆಯಲಾಗಲಿಲ್ಲ.

ಪೆದ್ದಮ್ಮ ಒಳ್ಳೆಯವಳು. ಇವತ್ತು ಮುದ್ದೆ, ಸೊಪ್ಪಿನ ಸಾರು ತಂದುಕೊಟ್ಟು ಕೂತಳು. ‘ನಿಮ್ಮಮ್ಮ ಎಂಗೋದ್ರು, ತಾಯೀ?’

ಇಲ್ಲಿ ಯಾರ ಭಯ? ನಿಜ ಹೇಳೋಣ ಎಂದು ಬಾಯಿ ತೆರೆದೆ. ಮಂಚ, ತೊಡೆ, ಫ್ಯಾನ್... ಬಂದದ್ದು ಕಲ್ಲು. ಚಾಪೆ. ಹೊಸ ಚಾಪೆ ಅಂತ ಕೂಡ ಹೇಳಿದೆ!

ಅವಳು ಹೋದ ಮೇಲೆ ಕಣ್ಣು ಮುಚ್ಚಿ ಕೂತೆ. ನಡುಮನೆ ಬರುವುದಿಲ್ಲ. ಅಮ್ಮ ಕಲ್ಲಿನ ಪಕ್ಕವೇ ಮಲಗಿದ್ದಾಳೆ, ಬೆನ್ನಡಿ ಒದ್ದೆ. ಎಬ್ಬಿಸಿ, ರಟ್ಟೆ ಹಿಡಿದು ಕರೆತರುತ್ತೇನೆ. ಹೊಸಿಲ ಹತ್ತಿರ ಬಂದು ನಿಂತುಬಿಡುತ್ತಾಳೆ. ಸೆರಗು ಎಳೆದುಕೊಂಡು, ಮೇಲೂರಿನ ಅದೇ ದನಿಯಲ್ಲಿ ಕೇಳುತ್ತಾಳೆ — ‘ಒಳಕ್ಕೆ ಬರ್ಬೋದೇನಮ್ಮಾ? ಯಾರೂ ಏನೂ ಅನ್ನಲ್ವಾ?’

ನಾನು —